ಅಮ್ಮನ ಸಿನಿಮಾ ನೋಡಿದ ಮೇಲೆ

ಪೆರ್ಲ
16 ನವೆಂಬರ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ದೀಪು ಮಾಡುವ ನಮಸ್ಕಾರಗಳು. ಎರಡನೇ ಸಿನಿಮಾದ ಶೂಟಿಂಗಿಗೆಂದು ವಯನಾಡಿನಲ್ಲಿ ನೀವೆಲ್ಲ ಇಳಿದುಕೊಂಡಿರುವ ಎಸ್ಟೇಟಿನಲ್ಲಿ ಫೋನಿಗೆ ರೇಂಜ್ ಇಲ್ಲ ಎಂದು ಶೂಟಿಂಗ್ ಮ್ಯಾನೇಜರ್ ಹೇಳಿದರು. ವಿಳಾಸ ಕೊಟ್ಟವರೂ ಅವರೇ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ಮೊದಲು ಊಟ ಆಯಿತಾ ಎಂದು ಕೇಳುತ್ತೀ, ನಾನು ಆಯಿತು ಎನ್ನುತ್ತೇನೆ, ಆಮೇಲೆ ಅಪ್ಪನ ಬಿ.ಪಿ. ಮಾತ್ರೆಯ ಸುದ್ದಿ ಬರುತ್ತದೆ. ಹೇಳಬೇಕಾದದ್ದು ಅಲ್ಲೇ ಉಳಿದುಬಿಡುತ್ತದೆ.

ನಿನ್ನ ಮೊದಲ ಸಿನಿಮಾ ನೋಡಿದೆವು ಅಮ್ಮ. ಎಂಟು ದಿನದ ಹಿಂದೆ, ಶನಿವಾರ ಮಧ್ಯಾಹ್ನದ ಆಟಕ್ಕೆ ಅಪ್ಪನೂ ನಾನೂ ಕಾಸರಗೋಡಿಗೆ ಹೋದೆವು. ಬಿಡುಗಡೆಯಾದ ವಾರವೇ ಹೋಗಬೇಕಿತ್ತು. ಆದರೆ ನಿನಗೆ ಗೊತ್ತುಂಟಲ್ಲ, ಈ ತಿಂಗಳು ಅಪ್ಪನ ಮೈಕ್‌ಸೆಟ್ಟಿಗೆ ಪುರುಸೊತ್ತೇ ಇಲ್ಲ. ಒಂದು ಕಡೆ ಭಜನೆ, ಇನ್ನೊಂದು ಕಡೆ ಮದುವೆ, ಅಂಗಡಿಯಲ್ಲಿ ಒಂದು ಸ್ಪೀಕರೂ ಉಳಿದಿರಲಿಲ್ಲ. ನಮಗಿಂತ ಮೊದಲೇ ಊರಿನವರು ನೋಡಿ ಬಂದರು. ನಮ್ಮ ಶಾಲೆಯ ಒಲಿಂಡಾ ಟೀಚರ್ ಸ್ಟಾಫ್‌ರೂಮಿನಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, “ಮನೆಗೆ ಬಂದ ಮೇಲೂ ನಿನ್ನ ಅಮ್ಮನ ಮುಖ ಕಣ್ಣಿಂದ ಹೋಗುವುದಿಲ್ಲ ಮಾರಾಯ್ತಿ” ಎಂದರು. ನಾನು ನಕ್ಕು ಪುಸ್ತಕ ತಿದ್ದಲು ಕುಳಿತೆ.

ನೀನು ಹೋದ ಮೇಲೆ ನಾನೂ ಅಪ್ಪನೂ ಸಂಜೆ ಟಿ.ವಿ. ಎದುರು ಕೂತು ತುಂಬ ಸಿನಿಮಾ ನೋಡಿದ್ದೇವೆ. ಒಂದು ತಮಿಳಿನದ್ದು, ಮಗನನ್ನು ಹುಡುಕಿಕೊಂಡು ಹೋಗುವ ಲಾರಿ ಕ್ಲೀನರನ ಕಥೆ, ಬಹಳ ಚೆನ್ನಾಗಿತ್ತು. ಮಳೆ ಬರುವಾಗ ಹಾಡಿಲ್ಲ, ಬರೀ ತಗಡಿನ ಮೇಲೆ ನೀರು ಬೀಳುವ ಸದ್ದು. ಅಪ್ಪ “ಇದನ್ನು ರೆಕಾರ್ಡ್ ಮಾಡಿದವನಿಗೆ ಕೈ ಮುಗಿಯಬೇಕು” ಎಂದು ಆ ಭಾಗವನ್ನು ಹಿಂದೆ ಹಾಕಿ ಮತ್ತೆ ಕೇಳಿದರು. ಕನ್ನಡದ ಒಂದು ಪತ್ತೇದಾರಿ ಸೀರೀಸ್ ಶುರುಮಾಡಿ ಅರ್ಧಕ್ಕೆ ಬಿಟ್ಟೆವು. ಎಲ್ಲರೂ ಕತ್ತಲೆಯಲ್ಲೇ ಮಾತಾಡುತ್ತಾರೆ, ಯಾರ ಮನೆಯಲ್ಲೂ ಕರೆಂಟಿಲ್ಲವೋ ಎಂತದೋ. ಎಲ್ಲ ಉಂಟು, ಆದರೆ ಅಡುಗೆಮನೆಯಿಂದ ನಿನ್ನ ಟೀಕೆ ಬರುವುದಿಲ್ಲ. ಧಾರಾವಾಹಿಯ ಸೊಸೆ ಜಡೆ ತುಂಬ ಹೂ ಮುಡಿದು ಮಲಗಿದರೆ ನೀನು “ದಿಂಬಿಗೆ ಪಾಪ” ಎನ್ನುತ್ತಿದ್ದೆ. ಯಾವ ದೊಡ್ಡ ನಟಿಯಾದರೂ ನೀನು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. “ಇವಳು ಜನ್ಮದಲ್ಲಿ ದೋಸೆ ಮಗುಚಿದವಳಲ್ಲ. ಸಟ್ಟುಗ ಹಿಡಿದದ್ದು ನೋಡು, ಪೆನ್ನು ಹಿಡಿದ ಹಾಗೆ!” ಆಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಅವಳು ಅಷ್ಟು ಒಳ್ಳೆಯದಾಗಿ ಮಾತಾಡುವಾಗ ಈ ಅಮ್ಮನಿಗೆ ಸಟ್ಟುಗವೇ ಕಾಣಬೇಕೇ ಎಂದು.

ಆ ಆಡಿಷನ್‌ನ ದಿನದ ಬಗ್ಗೆ ನಾವಿಬ್ಬರೂ ಇದುವರೆಗೆ ಮಾತಾಡಿಲ್ಲ. ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ನಾನು ಎತ್ತುತ್ತೇನೆ.

ಕಾಸರಗೋಡಿನ ಕಡೆಯವರೇ ಬೇಕು, ಅನುಭವ ಇಲ್ಲದಿದ್ದರೂ ಆದೀತು ಎಂದು ಸಿನಿಮಾದವರು ಹಾಕಿದ ಪೋಸ್ಟರನ್ನು ಮೊಬೈಲಿನಲ್ಲಿ ನೋಡಿದವಳು ನಾನು. ಕಾಲೇಜಿನಲ್ಲಿ ನಾಟಕಕ್ಕೆ ಬಹುಮಾನ ತೆಗೆದುಕೊಂಡವಳು, ಶಾಲೆಯ ಮಕ್ಕಳಿಗೆ ವರ್ಷ ವರ್ಷ ನಾಟಕ ಕಲಿಸಿ ಕಲೋತ್ಸವಕ್ಕೆ ಕರೆದುಕೊಂಡು ಹೋಗುವವಳು. ನಟಿ ಆಗಬೇಕು ಎಂಬ ಆಸೆಯನ್ನು ಮದುವೆಯ ಮಾತು ಮುರಿದಾಗಲೂ ಬಿಡದೆ ಇಟ್ಟುಕೊಂಡವಳು. ನೀನು ಬಂದದ್ದು ನನ್ನ ಜೊತೆಗೆ. ಆಡಿಷನ್ ನಡೆಯುವ ಕೋಣೆಯ ಹೊರಗೆ ನನ್ನ ಚೀಲ ಹಿಡಿದುಕೊಂಡು ಕುಳಿತಿದ್ದೆ. ನಾನು ಟೀಚರಿನ ಪಾತ್ರಕ್ಕೆ ಮಾಡಿ ತೋರಿಸಬೇಕಿತ್ತು. ಎದುರಿಗೆ ಮಾತು ಕೊಡಲು ಒಬ್ಬರು ಬೇಕಾದರು. “ಹೊರಗೆ ನಿಮ್ಮ ಅಮ್ಮ ಇದ್ದಾರಲ್ಲ, ಅವರನ್ನೇ ಕರೆಯಿರಿ” ಎಂದರು. ನೀನು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಬಂದೆ. ನಾನು ಗದ್ಗದವಾಗಿ, ಕೈ ನಡುಗಿಸಿ, ಅತ್ತು, ಎಲ್ಲವನ್ನೂ ಮಾಡಿದೆ. ನೀನು ನನ್ನನ್ನು ನೋಡಿಕೊಂಡು ನಿಂತೆ, ಕೊನೆಗೆ “ನೀ ಮೊದಲು ಕೂತುಕೊ” ಎಂದೆ. ಕಾಗದದಲ್ಲಿ ಇದ್ದ ಮಾತು ಅದಲ್ಲ. ಅಷ್ಟು ಹೊತ್ತಿಗೆ ಕ್ಯಾಮೆರಾ ನಿನ್ನ ಕಡೆ ತಿರುಗಿತ್ತು. ನಾನು ಅದನ್ನು ಕಂಡಿದ್ದೆ ಅಮ್ಮ.

ಮರುವಾರ ಅವರ ಫೋನು ಬಂದದ್ದು ನನ್ನ ನಂಬರಿಗೆ. ನಾನು ಅಂಗಳಕ್ಕೆ ಓಡಿ ಬಂದು ಎತ್ತಿಕೊಂಡೆ. ಆ ಕಡೆಯಿಂದ, “ಅಮ್ಮನಿಗೆ ಕೊಡ್ತೀರಾ?” ಎಂದು ಕೇಳಿದರು.

ನಾನು ಕೊಟ್ಟೆ. ನೀನು “ನನಗೆ ಎಂತದೂ ಬೇಡ, ಮಗಳಿಗೆ ಕೊಡಿ” ಎಂದು ಫೋನಿನಲ್ಲೇ ಹಟ ಹಿಡಿದೆ. ಅಪ್ಪ “ಈ ವಯಸ್ಸಿಗೆ ಎಂತ ವೇಷ” ಎಂದು ನಕ್ಕರು. ಆಗ ನಿನ್ನನ್ನು ಹೋಗು ಹೋಗು ಎಂದು ದೂಡಿದವಳು ನಾನೇ. ಎಲ್ಲರೂ ನನ್ನನ್ನು ದೊಡ್ಡ ಮನಸ್ಸಿನವಳು ಎಂದರು. ಇರಲಿ.

ಈಗ ಸಿನಿಮಾಕ್ಕೆ ಬರುತ್ತೇನೆ.

ಹೆದ್ದಾರಿಯ ಬದಿಯಲ್ಲಿ ನಿನ್ನ ಸಣ್ಣ ಹೋಟೆಲು. ಉಪ್ಪಳದ ಆಚೆ ಶೂಟಿಂಗ್ ಎಂದು ನೀನು ಹೇಳಿದ್ದೆ, ನಮಗೆ ಗೊತ್ತಿದ್ದ ಜಾಗವೇ, ಆದರೂ ತೆರೆಯ ಮೇಲೆ ಮೊದಲ ಸಲ ನೋಡಿದ ಹಾಗೆ ಕಂಡಿತು. ಕ್ಯಾಮೆರಾ ಮಾಡಿದವರು ಒಳ್ಳೆಯ ಕಣ್ಣಿನವರು. ಗಂಡನ ಮನೆಯ ಪೆಟ್ಟು ತಾಳಲಾರದೆ ಓಡಿಬಂದ ಹುಡುಗಿ ನಿನ್ನ ಅಡುಗೆಮನೆಯಲ್ಲಿ ಅಡಗಿದ್ದಾಳೆ. ಗಂಡನ ಕಡೆಯವರಿಗೆ ಬೇಕಾದ ಪೊಲೀಸಿನವನು ಬಂದು ಬೆಂಚಿನಲ್ಲಿ ಕೂರುತ್ತಾನೆ. ನೀನು ಬಿಸಿ ತಪಲೆ ಬಾಗಿಸಿ ಅನ್ನದ ಗಂಜಿ ಬಸಿಯುತ್ತಿದ್ದೀ. ಅವನು ಕೇಳುತ್ತಾನೆ, ಒಳಗೆ ಯಾರಿದ್ದಾರೆ? ಯಾವ ನಟಿಯಾದರೂ ಆಗ ಬೆಚ್ಚುತ್ತಿದ್ದಳು. ನಾನಂತೂ ಖಂಡಿತ ಬೆಚ್ಚುತ್ತಿದ್ದೆ, ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿಬಿಡುತ್ತಿದ್ದೆ. ನೀನು ಗಂಜಿ ಪೂರ್ತಿ ಇಳಿಯುವವರೆಗೆ ತಪಲೆ ಬಿಡಲಿಲ್ಲ. ಕೈಗೆ ಹಬೆ ಹೊಡೆಯುತ್ತದೆ, ಬೆರಳು ಬದಲಿಸಿದೆ, ಅಷ್ಟೆ. ತಪಲೆ ನೆಟ್ಟಗೆ ಇಟ್ಟು, ಕೈ ಒರೆಸಿ, ಅವನನ್ನು ನೋಡಿ, ಒಂದು ಉಸಿರು ತೆಗೆದುಕೊಂಡು, ನಿನ್ನ ಆ ಕನ್ನಡ ಬೆರೆತ ಮಲಯಾಳದಲ್ಲಿ, ನಾನೊಬ್ಬಳೇ ಇರುವುದು ಎಂದೆ. ಆಮೇಲೆ ಮೊದಲೇ ಇಟ್ಟಿದ್ದ ಚಾದ ಗ್ಲಾಸನ್ನು ಅವನ ಕಡೆ ಸರಿಸಿ, ಅಪ್ಪಟ ಕನ್ನಡದಲ್ಲಿ, “ಚಾ ತಣೀತದೆ, ಕುಡೀರಿ.”

ಥಿಯೇಟರಿನಲ್ಲಿ ಮೊದಲು ಒಂದು ನಗು ಎದ್ದಿತು. ನಮ್ಮವರ ನಗು, ಸಂತೋಷದ್ದು. ಮಲಯಾಳ ಸಿನಿಮಾದಲ್ಲಿ ನಮ್ಮ ಕನ್ನಡ ಬಂದರೆ ಅದು ಗೇಲಿಗೆ ಬಂದದ್ದೇ ಎಂದು ನಾವು ಅಭ್ಯಾಸ ಮಾಡಿಕೊಂಡಿದ್ದೇವಲ್ಲ. ಇಲ್ಲಿ ನಿನ್ನ ಮಾತಿನ ಕೆಳಗೆ ಮಲಯಾಳದಲ್ಲಿ ಅರ್ಥ ಬರೆದಿದ್ದರು, ಮರ್ಯಾದೆಯಿಂದ. ಆ ನಗು ಮುಗಿಯುವಷ್ಟರಲ್ಲಿ ಪೊಲೀಸಿನವನು ಗ್ಲಾಸ್ ಎತ್ತಿಕೊಂಡ. ಅವನು ಕುಡಿದು ಎದ್ದು ಹೋಗುವವರೆಗೆ ಹಿಂದಿನ ಸಾಲಿನಲ್ಲಿ ಪಾಪ್‌ಕಾರ್ನ್ ತಿನ್ನುವವರೂ ಬಾಯಿ ಆಡಿಸಲಿಲ್ಲ. ಅವನ ಜೀಪು ಹೋದ ಮೇಲೆ ನೀನು ಒಳಗಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತೆಯಲ್ಲ, ಅಲ್ಲಿ ಚಪ್ಪಾಳೆ ಬಿತ್ತು.

ಅಪ್ಪ? ಸಿನಿಮಾ ಶುರುವಾದಾಗಿನಿಂದ ಅವರದು ಒಂದೇ ಪಿಸುಮಾತು, “ಎಡಗಡೆಯ ಸ್ಪೀಕರ್ ಹೋಗಿದೆ, ಇವರಿಗೆ ಗೊತ್ತೇ ಇಲ್ಲ.” ನಿನ್ನ ಸ್ವರ ಬಂದದ್ದೇ ಆ ಮಾತು ನಿಂತಿತು. ನಾನು ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿದ್ದರು. ನಿದ್ದೆ ಎಂದುಕೊಂಡೆ. ನಿದ್ದೆಯಲ್ಲ, ಕೇಳುತ್ತಿದ್ದರು.

ಹೊರಗೆ ಬಂದರೆ ಪೋಸ್ಟರಿನ ಎದುರು ಕಾಲೇಜಿನ ಇಬ್ಬರು ಹುಡುಗಿಯರು ರೀಲ್ಸ್ ಮಾಡುತ್ತಿದ್ದರು. ಒಬ್ಬಳು ಶಾಲನ್ನು ಸೆರಗಿನ ಹಾಗೆ ಹೊದ್ದು ನಿನ್ನ ಮಾತು ಹೇಳುತ್ತಿದ್ದಳು, “ಚಾ ತಣೀತದೆ ಕುಡೀರಿ” ಎಂದು ಒಂದೇ ಉಸಿರಿಗೆ. ಅಪ್ಪ ಹೋಗಿ ಅವರ ನಡುವೆ ನಿಂತುಬಿಟ್ಟರು!

“ಹಾಗಲ್ಲ ಮಕ್ಕಳೇ. ಚಾ ತಣೀತದೆ, ಅಲ್ಲಿ ನಿಲ್ಲಬೇಕು. ಅವನ ಮುಖ ನೋಡಬೇಕು. ಆಮೇಲೆ ಕುಡೀರಿ. ಕುಡೀರಿ ಎನ್ನುವಾಗ ಸ್ವರ ಇಳಿಸಬೇಕು, ಏರಿಸಬಾರದು.”

ಹುಡುಗಿ ಕೇಳಿದಳು, “ನೀವು ಸಿನಿಮಾದವರಾ ಅಂಕಲ್?”

“ನಾನು ಮೈಕ್‌ಸೆಟ್ಟಿನವ. ಅವಳು ನನ್ನ ಹೆಂಡತಿ.”

ಆಮೇಲೆ ಕೇಳಬೇಕೇ! ಅಪ್ಪನನ್ನು ಪೋಸ್ಟರಿನ ಪಕ್ಕ ನಿಲ್ಲಿಸಿ ಅದನ್ನು ಅವರ ಬಾಯಿಂದಲೇ ಮತ್ತೆ ಹೇಳಿಸಿದರು. ಆ ರೀಲ್ ಈಗ ಪೆರ್ಲದ ಎಲ್ಲರ ಮೊಬೈಲಿನಲ್ಲಿ ಉಂಟು. ಪೇಟೆಗೆ ಹೋದರೆ “ಹರಿನಾಥಣ್ಣ, ಚಾ ತಣೀತದೆ” ಎಂದು ಕರೆಯುತ್ತಾರೆ. ಅಪ್ಪ ಸಿಟ್ಟು ಬಂದವರ ಹಾಗೆ ಮಾಡುತ್ತಾರೆ, ಆದರೆ ಚಾ ಕುಡಿಯಲು ಈಗ ಎರಡು ಸಲ ಪೇಟೆಗೆ ಹೋಗುತ್ತಾರೆ.

ಹಿಂದೆ ಬರುವಾಗ ಬಸ್ಸು ಬದಿಯಡ್ಕ ದಾಟಿತು. ಆಗ ಅಪ್ಪ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದರು, “ಈ ಸುತ್ತಿನ ಊರಿನ ಎಲ್ಲರ ಸ್ವರವೂ ನನ್ನ ಸ್ಪೀಕರಿನಲ್ಲಿ ಬಂದಿದೆ. ರಾಜಕೀಯದವರದ್ದು, ಭಟ್ಟರದ್ದು, ಲಾಟರಿ ಮಾರುವವನದ್ದು. ಮನೆಯಲ್ಲೇ ಇದ್ದ ಪ್ರಫುಲ್ಲಾಳಿಗೆ ಒಂದು ದಿನ ಮೈಕ್ ಕೊಡಬೇಕೆಂದು ನನಗೆ ಕಂಡೇ ಇಲ್ಲ ನೋಡು.”

ಇದನ್ನು ನಿನಗೆ ಬರೆಯಬಾರದೆಂದು ಅವರು ಹೇಳಿಲ್ಲ, ಆದ್ದರಿಂದ ಬರೆದಿದ್ದೇನೆ.

ಇನ್ನು ನನ್ನ ಮಾತು. ಇಷ್ಟು ವರ್ಷ ನಾನು ಮಕ್ಕಳಿಗೆ ಕಲಿಸಿದ ನಟನೆ ಎಂದರೆ ದುಃಖವನ್ನು ಹೇಗೆ ತೋರಿಸಬೇಕು, ಹೆದರಿಕೆಯನ್ನು ಹೇಗೆ ತೋರಿಸಬೇಕು ಎನ್ನುವುದು. ನೀನು ಹೆದರಿಕೆಯನ್ನು ತೋರಿಸಲೇ ಇಲ್ಲ. ಒಂದು ಹುಡುಗಿ ಉಳಿಯಬೇಕು, ಅನ್ನವೂ ಅಂಟಾಗಬಾರದು, ಎರಡೂ ನಿನ್ನ ಕೆಲಸ ಎಂಬಂತೆ ನಿಂತೆ. ಅದಕ್ಕೇ ನಮಗೆ ಹೆದರಿಕೆಯಾಯಿತು. ಸೋಮವಾರ ನಾಟಕದ ರಿಹರ್ಸಲ್‌ನಲ್ಲಿ ತಾಯಿಯ ಪಾತ್ರದವಳು ಜೋರಾಗಿ ಅಳತೊಡಗಿದಳು. ನಾನು ಅವಳ ಕೈಗೆ ಒಂದು ಹಿಡಿಸೂಡಿ ಕೊಟ್ಟು, ಅಳಬೇಡ, ಮಾತು ಮುಗಿಯುವಷ್ಟರಲ್ಲಿ ಈ ಕೋಣೆ ಗುಡಿಸಿ ಮುಗಿಸಬೇಕು ಎಂದೆ. ಒಲಿಂಡಾ ಟೀಚರ್ ಬಾಗಿಲಲ್ಲಿ ನಿಂತವರು ಒಳಗೆ ಬಂದು ಕುಳಿತರು.

ಅಮ್ಮ, ಅವತ್ತು ಅವರು ಸರಿಯಾದವರನ್ನೇ ಆರಿಸಿದರು. ನಿನ್ನ ಮಗಳಾಗಿ ಅಲ್ಲ, ನಾಟಕ ಕಲಿಸುವವಳಾಗಿ ಹೇಳುತ್ತಿದ್ದೇನೆ. ಇನ್ನು ಮುಂದೆ ಯಾರ ಹತ್ತಿರವೂ “ಅದು ಮಗಳಿಗೆ ಸಿಗಬೇಕಾದದ್ದು, ನನಗೆ ಸಿಕ್ಕಿತು” ಎಂದು ಹೇಳಬೇಡ. ನೀನು ಹಾಗೆ ಹೇಳಿದಾಗಲೆಲ್ಲ ನನಗೆ ಇನ್ನೂ ಸಂಕಟವಾಗುತ್ತಿತ್ತು. ನನಗೆ ಸಿಗುವುದಿದ್ದರೆ ಸಿಗುತ್ತದೆ. ಕಲ್ಲಿಕೋಟೆಯಲ್ಲಿ ರಜೆಯಲ್ಲಿ ನಡೆಯುವ ನಾಟಕ ಶಿಬಿರಕ್ಕೆ ಹೆಸರು ಕೊಟ್ಟಿದ್ದೇನೆ. ಗದ್ಗದ ಬಿಟ್ಟು ಮಾಡುವುದನ್ನು ಕಲಿಯಬೇಕು.

ಅಲ್ಲಿ ಚಳಿ ಹೆಚ್ಚಂತೆ. ಕುಡಿಯಲು ಬಿಸಿನೀರು ಕೇಳಿ ತೆಗೆದುಕೊ, ನಾಚಿಕೆ ಬೇಡ, ನೀನೀಗ ಆರ್ಟಿಸ್ಟ್. ಸಿನಿಮಾ ಮುಗಿದ ಮೇಲೆ ಹೆಸರು ಓಡುವಾಗ ‘ಪ್ರಫುಲ್ಲಾ ಪೆರ್ಲ’ ಎಂದು ಬಂತು. ಊರಿನ ಹೆಸರನ್ನು ಬರೆಸಿದವಳು ನೀನೇ ಇರಬೇಕು. ಅಪ್ಪ ಫೋಟೋ ತೆಗೆಯಲು ಹೋಗಿ ಮುಂದಿನ ಸೀಟಿನವರ ತಲೆ ತೆಗೆದಿದ್ದಾರೆ.

ನಿನ್ನ,
ದೀಪಶ್ರೀ

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು. ಅಪ್ಪನ ಜೊತೆ ಹೋದದ್ದು ನನಗೆ ಎರಡನೇ ಸಲ. ಬಿಡುಗಡೆಯ ದಿನವೇ ಶಾಲೆಗೆ ರಜೆ ಹಾಕಿ, ಯಾರಿಗೂ ಹೇಳದೆ ಒಬ್ಬಳೇ ಹೋಗಿದ್ದೆ. ನಿನ್ನ ಹೋಟೆಲಿನ ಬಾಗಿಲು ತೆರೆಯ ಮೇಲೆ ಬಂದ ಕೂಡಲೇ ಎದ್ದು ಹೊರಗೆ ಬಂದೆ, ಬಸ್‌ಸ್ಟ್ಯಾಂಡಿನಲ್ಲಿ ತುಂಬ ಹೊತ್ತು ಕೂತಿದ್ದೆ. ನೀನು ಚೆನ್ನಾಗಿ ಮಾಡಿರಬಾರದು ಎಂದು ನನ್ನ ಮನಸ್ಸು ಎಲ್ಲಿಯಾದರೂ ಬಯಸುತ್ತಿದೆಯೋ ಎಂಬ ಹೆದರಿಕೆ. ನೋಡಿದರೆ ಅದು ಗೊತ್ತಾಗಿಬಿಡುತ್ತದಲ್ಲ. ಆದರೆ ಶನಿವಾರ, ಪೊಲೀಸಿನವನು ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಲು ತಡ ಮಾಡಿದೆಯಲ್ಲ, ಆಗ ಅಮ್ಮ ಎಲ್ಲಿ ಮಾತು ಮರೆತಳೋ ಎಂದು ನಾನು ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ಅವರ ಕೈಯಲ್ಲಿ ನನ್ನ ಉಗುರಿನ ಗುರುತು ಇನ್ನೂ ಉಂಟು.