ಇಲ್ಲದ ಚೆಂಡು

ಅಪ್ಪಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಇದನ್ನು ಓದಲು ನೀನಿಲ್ಲ, ಆದರೂ ಇಂಥ ಸುದ್ದಿ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಾಟಕದ ತಾಲೀಮಿಗೆ ಮುಂಚೆ ನೀನು ಆಡಿಸುತ್ತಿದ್ದ ಇಲ್ಲದ ಚೆಂಡಿನ ಆಟವನ್ನು ಇವತ್ತು ನನ್ನ ಗಣಿತದ ತರಗತಿಯಲ್ಲಿ ಆಡಿಸಿದೆ. ಎಸೆಯುವುದು ಬರಿಗೈಯಲ್ಲಿ, ಹಿಡಿದವರು ಅದರ ಭಾರ ತೋರಿಸಬೇಕು. ಶಾಲೆ ಶುರುವಾದಾಗಿನಿಂದ ತುಟಿ ಬಿಚ್ಚದ ಹುಡುಗಿಯೊಬ್ಬಳಿದ್ದಾಳೆ. ಅವಳತ್ತ ಎಸೆದೆ.

“ಸುಮ್ನೆ ವೇಸ್ಟು ಸರ್, ಮೌನಗೌರಿ ಹಿಡಿಯಲ್ಲ,” ಎಂದಿತು ಹಿಂದಿನ ಬೆಂಚು.

ಅವಳು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ವಾಲಿ, “ಮೆಲ್ಲಗೆ ಎಸೀರಿ ಸರ್, ಕೈ ಉರೀತಿದೆ!” ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಅದೇ ವಯಸ್ಸಿನಲ್ಲಿ ನಾನು, ನಿನ್ನ ನಟರೆಲ್ಲರ ಎದುರು, ಜೇಬಿನಿಂದ ಕೈ ತೆಗೆಯದೆ “ಚೆಂಡೆಲ್ಲಿದೆ ಅಪ್ಪಾ?” ಎಂದಿದ್ದೆ. “ನಾನೇ ಸರಿಯಾಗಿ ಎಸೀಲಿಲ್ಲ ಬಿಡು ಮಗಾ,” ಎಂದು ನೀನು ನನ್ನ ಹಿಂದೆ ಬಂದು ಬಗ್ಗಿ, ಅದನ್ನು ಹೆಕ್ಕಿ, ಧೂಳು ಒರೆಸಿ ಬೇರೆಯವರಿಗೆ ಎಸೆದೆ. ಆಮೇಲೆ ಎಂದೂ ನನ್ನನ್ನು ಆಟಕ್ಕೆ ಕರೆಯಲಿಲ್ಲ.

ಗಂಟೆ ಹೊಡೆದ ಮೇಲೆ ಹುಡುಗಿ ಹತ್ತಿರ ಬಂದಳು.

“ಇದನ್ನ ಯಾರು ಕಲಿಸಿದ್ರು ಸರ್?”

“ನಮ್ಮಪ್ಪ.”

“ಅವರು ಎಸೆದಿದ್ದನ್ನ ನೀವು ಹಿಡೀತಿದ್ರಾ?”

“ಒಂದೂ ಬಿಡ್ತಿರಲಿಲ್ಲ,” ಎಂದುಬಿಟ್ಟೆ, ಅಪ್ಪಾ.