ನಾನು ನೋಡಿದ ಒಂದೇ ಗೋಲು

ಡೊಂಬಿವಲಿ, ಜುಲೈ 6

ತಂಗೀ,

ಮಗಳ ಮನೆಯಲ್ಲಿ ನನಗೆ ಒಳಗೆ ಕೂರುವ ಹಕ್ಕಿಲ್ಲ. ಹೆಂಗಸರ ಫುಟ್‌ಬಾಲಿನ ಏಷ್ಯಾ ಕಪ್ ಅರ್ಹತಾ ಪಂದ್ಯಗಳು ನಡೆದವಲ್ಲ, ಮೊದಲನೆಯದರಲ್ಲಿ ನಮ್ಮವರು ಮಂಗೋಲಿಯಾಕ್ಕೆ ಹದಿಮೂರು ಗೋಲು ಹೊಡೆದಾಗ ನಾನು ಪಕ್ಕದ ಕಲ್ಯಾಣ್ ಊರಿಗೆ ಹೋಗಿದ್ದೆ. ನಾನಿಲ್ಲದ್ದಕ್ಕೇ ಗೆದ್ದದ್ದೆಂದು ಅಂದಿನಿಂದ ಮೊಮ್ಮಗಳು ಅಮಿತಾ ಪ್ರತಿ ಪಂದ್ಯಕ್ಕೂ ನನ್ನನ್ನು ಹೊರಗಟ್ಟುತ್ತಾಳೆ. ನಾನು ಕಾಲೇಜಿನಲ್ಲಿ ಓದಿದ ‘ಕಾಸ್ ಅಂಡ್’ ಏನೋ, ಹಾಂ, ‘ಎಫೆಕ್ಟ್’, ಆ ಕಾರಣ-ಪರಿಣಾಮ ಇದಲ್ಲ ಅಂದರೆ ಯಾರು ಕೇಳುತ್ತಾರೆ? ನಿನ್ನ ಅತ್ತಿಗೆ ಬದುಕಿದ್ದರೂ ಹೊರಗೇ ಕಳಿಸುತ್ತಿದ್ದಳು, ಫ್ಲಾಸ್ಕಿನಲ್ಲಿ ಚಾ ಕೊಟ್ಟು.

ನಿನ್ನೆ ಥಾಯ್ಲೆಂಡ್ ಎದುರು ಕೊನೆಯ ಪಂದ್ಯ. ಗೆದ್ದವರಿಗೆ ಮಾತ್ರ ಏಷ್ಯಾ ಕಪ್ಪಿಗೆ ಪ್ರವೇಶ. ಒಂದು ಗೋಲು ಮುಂದಿದ್ದೆವು. ಮಳೆ ಜೋರಾಯಿತೆಂದು ಒಳಬಂದು ಕೂತೆ, ಅವರೂ ಒಂದು ಹೊಡೆದರು!

"ಅಜ್ಜ, ಬಾಹೇರ್ ಜಾ ನಾ!" ಹೊರಗೆ ಹೋಗು ಅಂತ ಹುಡುಗಿ ಅಳುತ್ತಲೇ ಮರಾಠಿಯಲ್ಲಿ ಕೂಗಿದಳು. ಅಳಿಯ ಕೊಡೆ ಕೊಟ್ಟ. ಗೇಟಿನ ಬಳಿ ಕೊಡೆಯಿದ್ದರೂ ನೆನೆಯುತ್ತ ನಿಂತಿದ್ದಾಗ ಮೇಲಿನಿಂದ ಬೊಬ್ಬೆ ಕೇಳಿತು. ಎರಡು–ಒಂದು, ಗೆದ್ದೆವು. ಇಡೀ ಟೂರ್ನಿಯಲ್ಲಿ ನಾನು ನೋಡಿದ್ದು ಒಂದೇ ಗೋಲು, ಅದೂ ಥಾಯ್ಲೆಂಡಿನದು!

ಸ್ವಲ್ಪ ಶೀತ, ಜ್ವರವಿಲ್ಲ. ಮಾರ್ಚಿನಲ್ಲಿ ಏಷ್ಯಾ ಕಪ್ಪಿಗೆ ನಾನು ಮತ್ತೆ ಬರಲೇಬೇಕಂತೆ, ಹೊರಗೆ ನಿಲ್ಲಲು. ಗೇಟಿನ ಹತ್ತಿರ ಕುರ್ಚಿ ಹಾಕಿದರೆ ಬರುತ್ತೇನೆ ಅಂದಿದ್ದೇನೆ.

ನಿನ್ನ ಅಣ್ಣ