ಚಿಕ್ಕಮ್ಮನನ್ನು ಒಳಗೆ ಬಿಡದ ಜಾಲತಾಣ

ಸಾರಿಗೆ ಕಚೇರಿಯ ಜಾಲತಾಣವನ್ನು ನೋಡಿಕೊಳ್ಳುವ, ಆದರೆ ಪ್ರಾಯಶಃ ಒಮ್ಮೆಯೂ ತೆರೆದು ನೋಡಿರದ ಮಾನ್ಯರೇ,

ನನ್ನ ಅಕ್ಕನ ಕಲಿಕಾ ಪರವಾನಗಿ ಇದೇ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಡ್ರೈವಿಂಗ್ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳದಿದ್ದರೆ ಅವಳು ಕಣ್ಣಿನ ತಪಾಸಣೆಯಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿಂದ ಶುರುಮಾಡಬೇಕು. ದಿನ ಗೊತ್ತುಮಾಡಲು ಇರುವ ದಾರಿ ಒಂದೇ, ತಮ್ಮ ಜಾಲತಾಣ. ಅದು ಹದಿನೇಳು ದಿನಗಳಿಂದ ನಮ್ಮ ಮುಖಕ್ಕೆ ಹೊಡೆದಂತೆ ಒಂದೇ ಮಾತು ಹೇಳುತ್ತಿದೆ: ‘ನಿಮ್ಮ ಬ್ರೌಸರ್ ಹಳೆಯದಾಗಿದೆ.’ ಹೌದು ಸ್ವಾಮಿ, ಆಗಿದೆ. ಅಕ್ಕನಿಗೆ ಅರವತ್ತೆರಡು, ನನಗೆ ಐವತ್ತೆಂಟು, ಕಂಪ್ಯೂಟರಿಗೆ ಹದಿನಾರು. ನಮ್ಮ ಮನೆಯಲ್ಲಿ ವಯಸ್ಸಾಗಿರುವುದು ಬ್ರೌಸರಿಗೆ ಮಾತ್ರ ಎಂದು ತಮಗೆ ಯಾರು ಹೇಳಿದರು?

ಅಕ್ಕ ಅಚ್ಚುಕೂಟದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವಳು. ನಿವೃತ್ತಿಯ ದಿನ ಮಾಲೀಕರು ಅವಳ ಮೇಜಿನ ಮೇಲಿದ್ದ ಕಂಪ್ಯೂಟರನ್ನೇ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕೊಟ್ಟು ಕಳಿಸಿದರು. ಎರಡು ಜಿಬಿ ಮೆಮೊರಿಯ ಬಡಪಾಯಿ. ನಾನೋ ಗಡಿಯಾರ ರಿಪೇರಿಯವನು, ಓಡುತ್ತಿರುವ ಯಂತ್ರವನ್ನು ಎಸೆಯಲು ನನ್ನ ಕೈ ಬರುವುದಿಲ್ಲ. ತಮ್ಮ ಸಹಾಯವಾಣಿಯ ಹೆಣ್ಣುಮಗಳು “ಹೊಸದು ತಗೊಳ್ಳಿ ಸರ್” ಎಂದಾಗ, “ನಿಧಾನ ಆಯ್ತು ಅಂತ ಎಲ್ಲರೂ ಗಡಿಯಾರ ಎಸೆದಿದ್ರೆ ನನ್ನ ಅಂಗಡಿ ನಡೀತಿತ್ತೇನಮ್ಮ?” ಅಂದೆ. ಆಕೆ ಫೋನಿಟ್ಟರು. ಮೊಬೈಲಿನಲ್ಲಿ ತೆರೆದರೆ ‘ದಯವಿಟ್ಟು ಕಂಪ್ಯೂಟರ್ ಬಳಸಿ’ ಎಂಬ ಉಪದೇಶ. ಬೀದಿ ಕೊನೆಯಲ್ಲಿದ್ದ ಇಂಟರ್ನೆಟ್ ಅಂಗಡಿಯಲ್ಲಿ ಈಗ ಕೂದಲು ಕತ್ತರಿಸುತ್ತಾರೆ.

ಸರಿ, ಈ ಬಡಪಾಯಿಗೆ ಒಪ್ಪುವ ಬ್ರೌಸರ್ ಹುಡುಕಲು ಅಕ್ಕ-ತಮ್ಮ ಪಟ್ಟುಹಿಡಿದು ಕೂತೆವು. ಮೊದಲು ಲೋಕವೆಲ್ಲ ಬಳಸುವ ಆ ದೊಡ್ಡದು. ಅದಕ್ಕೆ ಅಕ್ಕ ‘ದೊಡ್ಡಪ್ಪ’ ಎಂದು ಹೆಸರಿಟ್ಟಳು. ಬಂದು ಕೂತರೆ ಸೋಫಾ ಪೂರ್ತಿ ಅವನಿಗೇ ಬೇಕು, ಮಿಕ್ಕವರು ನಿಂತುಕೊಳ್ಳಬೇಕು. ಮೌಸ್ ಸರಿಸಿ, ಟೀ ಕುಡಿದು, ಲೋಟ ತೊಳೆದಿಟ್ಟು ಬಂದರೆ ಬಾಣದ ಗುರುತು ಆಗತಾನೇ ಹೊರಟಿರುತ್ತಿತ್ತು. ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿಟ್ಟೆ. ಕಂಪ್ಯೂಟರಿನೊಳಗಿನದೂ ಸೇರಿ ಎರಡು ಫ್ಯಾನುಗಳ ಆರ್ಭಟಕ್ಕೆ ಪಕ್ಕದ ಮನೆಯಾಕೆ ಓಡಿಬಂದು, “ಏನ್ರೀ, ಹಿಟ್ಟಿನ ಗಿರಣಿ ಹಾಕಿದೀರಾ?” ಅಂತ ಕೇಳಿದರು.

ಎರಡನೆಯದು ಬರೀ ಅಕ್ಷರ ತೋರಿಸುವ ಬ್ರೌಸರ್, ‘ಸನ್ಯಾಸಿ’. ಬಣ್ಣವಿಲ್ಲ, ಚಿತ್ರವಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಪುಟ ಹಾಜರು. ಕುಣಿದಾಡಿಬಿಟ್ಟೆವು. ಅಷ್ಟರಲ್ಲಿ ತಮ್ಮ ಜಾಲತಾಣ, ‘ನೀವು ಮನುಷ್ಯರೆಂದು ಸಾಬೀತುಪಡಿಸಿ, ಸಿಗ್ನಲ್ ದೀಪವಿರುವ ಚಿತ್ರಗಳನ್ನು ಆರಿಸಿ’ ಎಂದಿತು. ಅಕ್ಕ ಕನ್ನಡಕ ಒರೆಸಿ ಒರೆಸಿ ನೋಡಿದಳು. “ಚಿತ್ರಾನೇ ಇಲ್ವಲ್ಲೋ! ಮನುಷ್ಯರಲ್ಲ ಅಂತ ಒಪ್ಕೊಂಡ್ಬಿಡೋಣ್ವಾ?”

ಮೂರನೆಯದು ‘ಚಿಕ್ಕಮ್ಮ’. ಹಗುರ, ಚುರುಕು, ಗಲಾಟೆಯಿಲ್ಲದೆ ಕೆಲಸ ಮಾಡುವಾಕೆ. ಚಿತ್ರ ಬಂತು, ಸಿಗ್ನಲ್ ದೀಪ ಸಿಕ್ಕಿತು, ನಾವು ಮನುಷ್ಯರೆಂದೂ ತೀರ್ಮಾನವಾಯಿತು. ಆಮೇಲೆ ಬಂತು ನೋಡಿ, ‘ಷರತ್ತುಗಳನ್ನು ಓದಿ ಒಪ್ಪಿದ್ದೇನೆ’ ಎಂಬ ಚೌಕ. ಒಟ್ಟು ನಲವತ್ತಮೂರು ಷರತ್ತು. ಭೂಮಿಯ ಮೇಲಿನ ಸಕಲರೂ ಅಲ್ಲೊಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ನನ್ನ ಅಕ್ಕ ಪೆನ್ಸಿಲ್ ತಂದಳು. ಹತ್ತೊಂಬತ್ತನೆಯ ಷರತ್ತಿಗೆ ಬರುವಷ್ಟರಲ್ಲಿ ತಾವು ಕೊಟ್ಟ ಹತ್ತು ನಿಮಿಷ ಮುಗಿದು, ನಮ್ಮನ್ನು ಹೊರಗೆ ದಬ್ಬಲಾಯಿತು.

“ಸುಮ್ನೆ ಒತ್ತಕ್ಕಾ!” ಅಂತ ಗೋಗರೆದೆ.

“ಓದದೇ ಇರೋದನ್ನ ಓದಿದೀನಿ ಅಂತ ಒತ್ಲಾ? ಸುಳ್ಳು ಹೇಳಿ ಲೈಸೆನ್ಸ್ ತಗೋಬೇಕಾ?”

ನಾಲ್ಕು ದಿನ, ದಿನಕ್ಕೆ ಹತ್ತು ನಿಮಿಷದಂತೆ, ಅವಳು ಷರತ್ತುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಐದನೆಯ ದಿನ ತೃಪ್ತಿಯಿಂದ ಗುಂಡಿ ಒತ್ತಿದಳು. ಉತ್ತರ ಬಂತು: ‘ಅಪರಿಚಿತ ಬ್ರೌಸರ್. ಅರ್ಜಿ ನಿರಾಕರಿಸಲಾಗಿದೆ.’ ಅಕ್ಕ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. ಮೂವತ್ತೊಂದನೆಯ ಷರತ್ತು: ‘ಅರ್ಜಿದಾರರು ತಮಗೆ ಅನುಕೂಲವಾದ ಯಾವುದೇ ಬ್ರೌಸರ್ ಬಳಸಬಹುದು.’ ಮಾನ್ಯರೇ, ಇದನ್ನು ಬರೆದದ್ದು ತಮ್ಮ ಕಚೇರಿ. ಓದಿದ್ದು ಬಹುಶಃ ನನ್ನ ಅಕ್ಕ ಒಬ್ಬಳೇ.

ನೋಟ್‌ಬುಕ್ ಹಿಡಿದು ತಮ್ಮ ಕಚೇರಿಯ ಮೂರನೇ ಕೌಂಟರಿಗೂ ಹೋದೆ. ಗುಮಾಸ್ತರು “ಎಲ್ಲಾ ಆನ್‌ಲೈನೇ ಸರ್” ಅಂದರು. ಬಗ್ಗಿ ನೋಡಿದರೆ ಅವರ ಪರದೆಯ ಮೇಲೂ ‘ನಿಮ್ಮ ಬ್ರೌಸರ್ ಹಳೆಯದಾಗಿದೆ’! “ನಿಮ್ಮ ಹತ್ರ ಹಗುರದ್ದು ಯಾವ್ದಾದ್ರೂ ಇದ್ರೆ ಹಾಕ್ಕೊಡ್ತೀರಾ?” ಅಂತ ಮೆಲ್ಲಗೆ ಕೇಳಿದರು. ಪಾಪ ಅನ್ನಿಸಿ ಚಿಕ್ಕಮ್ಮನನ್ನು ಹಾಕಿಕೊಟ್ಟೆ. ಅವರು ಕೈಮುಗಿದು, ಊಟಕ್ಕೆ ಹೊತ್ತಾಯಿತೆಂದು ಕೌಂಟರ್ ಮುಚ್ಚಿದರು.

ನಗುವುದಿದ್ದರೆ ನಕ್ಕುಬಿಡಿ, ಆದರೆ ಇದೊಂದು ಮಾತು ಕೇಳಿ. ಅಕ್ಕ ಮೂವತ್ತು ವರ್ಷ ಭಾವನ ಪಕ್ಕ ಕೂತು, ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತಿದವಳು. “ನಾನೊಂದ್ಸಲ ಓಡಿಸ್ಲಾ?” ಅಂದಾಗಲೆಲ್ಲ ಭಾವ “ನಿನಗ್ಯಾಕೆ ಆ ಉಸಾಬರಿ” ಅನ್ನುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಈಗ ಅದೇ ಕಾರಿನಲ್ಲಿ ಅವಳು ಬಸ್ಸಿನವರಿಗೇ ಹಾರ್ನ್ ಹೊಡೆಯುತ್ತಾಳೆ, ಮನೆಗೆ ಬಂದು ಹಾಡು ಗುನುಗುತ್ತಾಳೆ. ಅಂಥವಳನ್ನು ಒಂದು ಬ್ರೌಸರಿನ ನೆಪ ಹೇಳಿ ಮತ್ತೆ ಪಕ್ಕದ ಸೀಟಿಗೆ ತಳ್ಳುತ್ತೀರಲ್ಲ, ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದ್ದರಿಂದ ಒಂದೋ ಚಿಕ್ಕಮ್ಮನನ್ನು ಒಳಗೆ ಬಿಡಿ, ಇಲ್ಲವೇ ಕೌಂಟರಿನಲ್ಲಿ ಒಂದು ಕಾಗದದ ಅರ್ಜಿ ಇಡಿ. ಎರಡೂ ಆಗದಿದ್ದರೆ ನಾವು ನಿರ್ಧಾರ ಮಾಡಿಯಾಗಿದೆ. ಕಲಿಯುವವರು ಪರವಾನಗಿ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಬಹುದೆಂಬುದು ತಮ್ಮದೇ ನಿಯಮ. ಇಪ್ಪತ್ತೆಂಟರ ಬೆಳಿಗ್ಗೆ ಹತ್ತಕ್ಕೆ ಅಕ್ಕ ಪರವಾನಗಿ ಇರುವ ನನ್ನನ್ನು ಕೂರಿಸಿಕೊಂಡು ಕಾರು ಓಡಿಸುತ್ತ ತಮ್ಮ ಕಚೇರಿಗೆ ಬರುತ್ತಾಳೆ. ‘ಅಧಿಕಾರಿಗಳಿಗೆ ಮಾತ್ರ’ ಎಂದು ಬರೆದಿರುವ ಜಾಗಕ್ಕೆ ರಿವರ್ಸ್ ತೆಗೆದು ನಿಲ್ಲಿಸುತ್ತಾಳೆ. ಪರೀಕ್ಷಕರನ್ನು ಗೇಟಿನ ಹತ್ತಿರ ನಿಲ್ಲಿಸಿ, ಅದನ್ನೇ ಪರೀಕ್ಷೆ ಅಂದುಕೊಳ್ಳಲಿ. ತಾವೂ ಬಂದು ನೋಡಿ. ತಮ್ಮ ಕಾರನ್ನು ಮಾತ್ರ ಅವತ್ತು ಬೇರೆಲ್ಲಾದರೂ ನಿಲ್ಲಿಸಿಕೊಳ್ಳಿ, ಅವಳಿಗೆ ರಿವರ್ಸ್ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ.

ಇಂತಿ,
ಅಂದು ಪಕ್ಕದ ಸೀಟಿನಲ್ಲಿ ಕೂರದೆ ವಿಧಿಯಿಲ್ಲದ
ಗಡಿಯಾರ ರಿಪೇರಿಯವನು